ಕೆರೆ ಕಡೆ ಗೋಲು

"ನಿಮ್ಮಣ್ಣ ಗೋಲೂ ಬುಟ್ಟ, ಪ್ರಾಣಾನೂ ಬುಟ್ಟ. ಎರಡ್ರಲ್ಲಿ ಒಂದ್ನಾದ್ರೂ ಹಿಡ್ಕಳಕ್ಕಾಯ್ತೇನ್ಲಾ ಅವನ ಕೈಲಿ? ಅಂಥವನಿಗೋಸ್ಕರ ಇಡೀ ಊರು ಬಾಯಿಗೆ ಬಟ್ಟೆ ತುರುಕ್ಕಂಡು ಕೂತ್ಕಬೇಕಾ?"

ಹೊನ್ನಯ್ಯ ಇದನ್ನು ಹೇಳಿದ್ದು ಕನಕಪುರದಾಚೆ, ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ, ಗ್ರಾನೈಟ್ ಬಾಯ್ಸ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳೆಲ್ಲ ಬೆಂಚು ಸಾಲದೆ ಕಲ್ಲಿನ ಮೇಲೂ ಕೂತಿದ್ದ ಸಂಜೆ. ಒಬ್ಬ ಕಿಸಕ್ಕನೆ ನಕ್ಕ. ನಕ್ಕವನು ಎದುರಿಗೆ ನಿಂತಿದ್ದ ಚಿಕ್ಕರಾಜುವಿನ ಮುಖ ನೋಡಿ ಲೋಟದೊಳಕ್ಕೆ ಮೂತಿ ಇಳಿಸಿಬಿಟ್ಟ. ಚಿಕ್ಕರಾಜುವಿನ ಕೈ ತಾನಾಗಿ ಮುಷ್ಟಿಯಾಗಿತ್ತು. ಬೇರೆ ಯಾರೇ ಅಂದಿದ್ದರೂ ಆ ಮುಷ್ಟಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿರುತ್ತಿತ್ತು. ಆದರೆ ಕ್ಲಬ್ಬಿನ ಅಧ್ಯಕ್ಷನಾದ ಈ ಹೊನ್ನಯ್ಯನೇ ಅಣ್ಣ ಬಿದ್ದ ದಿನ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆವರೆಗೂ ಜೀಪಿನಲ್ಲಿ ಕೂತಿದ್ದವನು.

ಜಗಳ ಶುರುವಾಗಿದ್ದು ಬೆಲ್ಜಿಯಂನಿಂದ. ಅಲ್ಲಿಯ ಒಂದು ಕಂಪನಿ ಈ ಕ್ಲಬ್ಬನ್ನು ಕೊಂಡುಕೊಳ್ಳುತ್ತದಂತೆ ಅನ್ನೋ ಸುದ್ದಿ ಬಂದಾಗಿನಿಂದ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

"ಅದೆಲ್ಲೈತಲಾ ಬೆಲ್ಜಿಯಮ್ಮು?"

"ರಾಮನಗರದ ಪಕ್ಕ ಮಾಗಡಿ ಇಲ್ವಾ? ಹಂಗೆ ಜರ್ಮನಿ ಪಕ್ಕ."

"ಜರ್ಸಿ ಬಣ್ಣ ತೆಗೆದುಬುಡ್ತಾರಂತೆ. ಹೆಸರೂ ಬೇರೆ ಇಡ್ತಾರಂತೆ."

"ಹೆಸರು ತೆಗೆದ್ರೆ ನನ್ನ ತೋಳಲ್ಲಿರೋ ಹಚ್ಚೆ ಏನ್ ಮಾಡ್ಲಿ?"

"ತೋಳನ್ನೂ ಸೇರಿಸಿ ಮಾರ್ಬುಡು. ಅವರೇ ಕಟ್ ಮಾಡ್ಕಂಡು ಹೋಯ್ತಾರೆ."

ಎಲ್ಲರೂ ನಗುವಾಗ ಹೊನ್ನಯ್ಯ ಮಾತ್ರ ನಗಲಿಲ್ಲ. ಭಾನುವಾರ ಕಂಪನಿಯವರು ಬರುತ್ತಾರೆ, ಚನ್ನಪಟ್ಟಣದ ಟೀಮಿನ ಜೊತೆ ಮ್ಯಾಚು ಇಟ್ಟಿದ್ದೀನಿ, ಎರಡು ಕಡೆ ಯಾವ ಗೋಲಿಗೆ ಬಾಲ್ ಬಿದ್ದರೂ ಊರು ಹಾರಿಹೋಗೋ ಹಂಗೆ ಕೂಗಬೇಕು ಅಂದ. ಯಾವ ಗೋಲಿಗೆ ಬಿದ್ದರೂ ಅಂದಾಗಲೇ ಚಿಕ್ಕರಾಜು ಎದ್ದು ನಿಂತು, "ಕೆರೆ ಕಡೆ ಗೋಲಿಗೆ ಕೂಗಂಗಿಲ್ಲ" ಅಂದಿದ್ದು. ಆಮೇಲೆ ಹೊನ್ನಯ್ಯನ ಬಾಯಿಂದ ಆ ಮಾತು ಬಿದ್ದಿದ್ದು.

ಕೆರೆ ಕಡೆ ಗೋಲಿಗೆ ಇವತ್ತಿಗೂ ಕಬ್ಬಿಣದ ಪೋಸ್ಟಿಲ್ಲ. ಎರಡು ಕಲ್ಲುಕಂಬ, ಮೇಲೊಂದು ಪೈಪು. ಮೈದಾನ ಮಾಡಿದವರೆಲ್ಲ ಕಲ್ಲು ಕ್ವಾರಿಯ ಕೆಲಸದವರು. ಬೇಲಿಗೆ, ದನದ ಕೊಟ್ಟಿಗೆಗೆ ನೆಡುವ ಕಂಬವನ್ನೇ ತಂದು ಗೋಲಿಗೂ ನೆಟ್ಟರು. ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ, ಚಿಕ್ಕರಾಜುವಿನ ಅಣ್ಣ, ಕೀಪರ್ ಕೆಂಪರಾಜು ಮೂಲೆಗೆ ಹೋಗುತ್ತಿದ್ದ ಬಾಲಿಗೆ ಹಾರಿ ಎಡಗಡೆ ಕಂಬಕ್ಕೆ ತಲೆ ಕೊಡುವವರೆಗೂ. ಬಾಲು ಒಳಗೆ ಹೋಗಿತ್ತು. ಅತ್ತ ಕಡೆಯವರು ಕುಣಿಯುತ್ತಿದ್ದರು. ಬಿದ್ದವನು ಏಳಲಿಲ್ಲ ಅನ್ನೋದು ಗೊತ್ತಾಗುವಷ್ಟರಲ್ಲಿ ಒಸಿ ಹೊತ್ತಾಗಿತ್ತು.

ಆಮೇಲೆ ಊರ ಕಡೆಯ ಗೋಲಿಗೆ ಕಬ್ಬಿಣ ಬಂತು. ಕೆರೆ ಕಡೆಯ ಕಂಬ ಕೀಳೋಕೆ ಕ್ವಾರಿಯವರೇ ಹಾರೆ ಹಿಡಿದು ಹೋಗಿ, ಮುಟ್ಟೋಕೆ ಮನಸ್ಸಾಗದೆ ಹಿಡಿದುಕೊಂಡೇ ವಾಪಸು ಬಂದರು. ಕೀಪರ್‌ಗಳು ಈಗಲೂ ಮ್ಯಾಚಿಗೆ ಮುಂಚೆ ಅದಕ್ಕೆ ಹಳೇ ಹಾಸಿಗೆ ಸುತ್ತಿ ಹಗ್ಗ ಬಿಗೀತಾರೆ. ಮತ್ತೆ ಆಟ ಶುರುವಾದ ಮೊದಲ ದಿನ ಆ ಗೋಲಿಗೆ ಬಾಲು ಬಿದ್ದಾಗ ಯಾರ ಗಂಟಲಿಂದಲೂ ದನಿ ಹೊರಡಲಿಲ್ಲ. ಹೊಡೆದವನೂ ತಲೆ ತಗ್ಗಿಸಿಕೊಂಡು ನಡೆದುಬಂದ. ಅವತ್ತಿನಿಂದ ಅದೇ ಪದ್ಧತಿಯಾಯಿತು. ನಮ್ಮವರೇ ಹೊಡೀಲಿ, ಬೇರೆಯವರೇ ಹೊಡೀಲಿ, ಬಾಲು ನಡುಮೈದಾನಕ್ಕೆ ವಾಪಸು ಬರೋವರೆಗೂ ತಮಟೆ ನಿಲ್ಲುತ್ತದೆ, ಮಾತು ನಿಲ್ಲುತ್ತದೆ. ಹೊರಗಿನ ಟೀಮು ಬಂದರೆ ಬಸ್ಸಿಳಿಯುವಾಗಲೇ ಹೇಳಿಬಿಡುತ್ತಾರೆ.

ಆ ಮೌನದಲ್ಲಿ ಚಿಕ್ಕರಾಜುವಿಗೆ ಕೇಳಿಸುತ್ತಿತ್ತು. ಬದುಕಿದ್ದಾಗ, ಗೋಲು ಬಿಟ್ಟಾಗೆಲ್ಲ ಕೆಂಪರಾಜು ಗ್ಲೌಸು ಹಾಕಿದ ಕೈಯನ್ನು ಎರಡು ಸಲ ತಟ್ಟಿಕೊಂಡು ಮತ್ತೆ ಬಗ್ಗಿ ನಿಲ್ಲುತ್ತಿದ್ದ. ಪಟ್, ಪಟ್. ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಂಗೆ. ಅದೇ ಸದ್ದು, ಹಾಸಿಗೆ ಸುತ್ತಿದ ಕಂಬದ ಹತ್ತಿರದಿಂದ. ಅಣ್ಣ ಸತ್ತ ವರ್ಷವೇ ಇಸ್ಕೂಲು ಬಿಟ್ಟು ಪಾಲಿಶ್ ಯೂನಿಟ್ಟಿಗೆ ಸೇರಿದವನು ಇವನು. ಹಗಲೆಲ್ಲ ಮಿಷನ್ನು ಕಲ್ಲನ್ನು ಉಜ್ಜುತ್ತಿದ್ದರೆ ಸೈರನ್ನೂ ಕೇಳದ ಕಿವಿ ಅದು. ಆ ಕಿವಿಗೆ ಇದು ಹೆಂಗೆ ಕೇಳುತ್ತದೆ ಅಂತ ಅವನು ಯಾರನ್ನೂ ಕೇಳಲು ಹೋಗಿರಲಿಲ್ಲ. ಒಂದೇ ಸಲ, ತಮಟೆ ಬಾರಿಸುವ ಇದ್ರೀಸನ ಹತ್ತಿರ ಬಾಯಿಬಿಟ್ಟಿದ್ದ. ಇದ್ರೀಸ ನಗದೆ, "ನಂಗೆ ಕೇಳ್ಸಲ್ಲ ಮಗಾ. ಆದ್ರೆ ಆವಾಗ ತಮಟೆ ಮುಟ್ಟಿದ್ರೆ ಚರ್ಮ ತಣ್ಣಗಿರ್ತದೆ" ಅಂದಿದ್ದ.

ಶನಿವಾರ ಅವನನ್ನೇ ಹುಡುಕಿಕೊಂಡು ಹೋದ.

"ನಾಳೆ ಬಾರಿಸ್ತೀಯೇನ್ಲಾ?"

ಇದ್ರೀಸ ತಮಟೆ ಕಡ್ಡಿಯ ತುದಿಗೆ ದಾರ ಸುತ್ತುತ್ತಿದ್ದ. "ನಮ್ ಹುಡುಗ್ರು ಬೂಟಿಲ್ದೆ ಆಡ್ತಾವ್ರೆ ರಾಜು. ಕಂಪನಿಯೋರು ಬಂದ್ರೆ ಒಸಿ ದಾರಿಗೆ ಬತ್ತದೆ ಅಂತಾವ್ರೆ ಎಲ್ಲ. ನಾನೊಬ್ಬ ಕೈ ಕಟ್ಕಂಡು ನಿಂತ್ರೆ ನಾಳಿದ್ದು ನನ್ನೇ ಬೈತಾರೆ."

"ಅಂದ್ರೆ ಬಾರಿಸ್ತೀಯ."

"ನೀನು ನಾಳೆ ಬರ್ಬೇಡ ಕಣ್ಲಾ. ಕೆಂಗಲ್ ಕಡೆಗೋ ಎಲ್ಲಿಗೋ ಹೋಗಿದ್ಬಾ."

ಅವನು ಹೋಗಲಿಲ್ಲ. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕೆರೆ ಏರಿಯ ಮೇಲೆ, ಗೋಲಿನ ಹಿಂದೆ ನಿಂತ. ಅಲ್ಲಿ ನಿಂತು ಕಾಯುವಾಗ ಅವನಿಗೆ ಕ್ಲಬ್ಬಿನ ಮೇಲೆ, ಊರಿನ ಮೇಲೆ, ತೊಡೆಯ ಮೇಲೆ ಅಣ್ಣನ ತಲೆ ಇಟ್ಟುಕೊಂಡಿದ್ದನ್ನು ಮರೆತ ಹೊನ್ನಯ್ಯನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಹಲ್ಲು ಕಚ್ಚಿ ದವಡೆ ನೋಯತೊಡಗಿತು. ಗೋಲೇ ಬೀಳಬಾರದು ಅಂದುಕೊಂಡ. ಮರುಗಳಿಗೆಯೇ, ಬೀಳಲಿ, ಕೇಳಿಸಲಿ ಅಂದುಕೊಂಡ.

ಕಂಪನಿಯವರು ಬಂದರು. ಬಿಸಿಲಿಗೆ ಕೆಂಪಾಗಿದ್ದ ಎತ್ತರದ ಮುದುಕ, ಕ್ಯಾಮೆರಾ ಹಿಡಿದ ಒಬ್ಬ, ಅವರ ಮಾತನ್ನು ಕನ್ನಡಕ್ಕೆ ತಿರುಗಿಸೋಕೆ ಬೆಂಗಳೂರಿನಿಂದ ಬಂದ ನವ್ಯಶ್ರೀ ಅನ್ನೋ ಹುಡುಗಿ. ಹೊನ್ನಯ್ಯ ಹೆಗಲ ಟವೆಲು ಕೈಗೆ ತಗೊಂಡು ಜನದ ಮುಂದೆ ನಿಂತ.

ಎರಡನೇ ಅರ್ಧದಲ್ಲಿ ನಮ್ಮ ಹುಡುಗ ಬಲಗಡೆಯಿಂದ ನುಗ್ಗಿ ಹೊಡೆದ. ಬಾಲು ಕೆರೆ ಕಡೆ ಗೋಲಿನ ಮೂಲೆಗೆ ಹೋಯಿತು. ಅಭ್ಯಾಸದ ಮೇಲೆ ಇಡೀ ಮೈದಾನ ಒಮ್ಮೆ ಉಸಿರು ಹಿಡಿಯಿತು.

ಪಟ್.

ಆಮೇಲೆ ಟವೆಲು ಮೇಲೆ ಹೋಯಿತು. ತಮಟೆ ಬಿತ್ತು. ವರ್ಷಗಳಿಂದ ನುಂಗಿಕೊಂಡಿದ್ದ ಕೂಗೆಲ್ಲ ಒಟ್ಟಿಗೆ ಕಕ್ಕಿದ ಹಂಗೆ ಜನ ಅರಚಿತು. ಎರಡನೇ 'ಪಟ್' ಕೇಳಲು ಚಿಕ್ಕರಾಜು ಏರಿಯಿಂದ ಜಾರಿಕೊಂಡು ಇಳಿದು ಕಂಬಕ್ಕೇ ಕಿವಿ ಕೊಟ್ಟ. ಹಾಸಿಗೆಯ ಹತ್ತಿಯ ಮುಗ್ಗಲು ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅಣ್ಣ ತಟ್ಟಲು ಎತ್ತಿದ ಕೈ ಹಂಗೇ ಗಾಳಿಯಲ್ಲಿ ನಿಂತುಬಿಟ್ಟಿದೆ ಅನ್ನಿಸಿತು ಅವನಿಗೆ.

ಮ್ಯಾಚು ಮುಗಿದ ಮೇಲೆ ಮುದುಕನ ಮುಖ ಸಪ್ಪಗಾಗಿತ್ತು. ನವ್ಯಶ್ರೀ ಹೊನ್ನಯ್ಯನ ಹತ್ತಿರ ಬಂದು, "ಯಾಕ್ ಸರ್ ಕೂಗಿದ್ರಿ?" ಅಂದಳು.

"ಯಾಕೆ ಅಂದ್ರೆ? ಗೋಲಾಯ್ತಲ್ಲ ಮೇಡಂ!"

"ಇವರು ಇಷ್ಟು ದೂರ ಬಂದಿದ್ದೇ ಆ ಮೌನ ನೋಡೋಕೆ. ಯಾರೋ ಫೋನಲ್ಲಿ ತೆಗೆದ ವಿಡಿಯೋ ಅಲ್ಲೆಲ್ಲ ಓಡಾಡಿದೆ. ಗೋಲ್ ಬೀಳುತ್ತೆ, ಸಾವಿರ ಜನ ಸುಮ್ನೆ ಇರ್ತಾರೆ. ಪ್ರಪಂಚದಲ್ಲೇ ಇಂಥದ್ದು ನೋಡಿಲ್ಲ ಅಂತಾರೆ. ಕ್ಲಬ್ ತಗೊಂಡ್ರೆ ಆ ಕಲ್ಲುಕಂಬ ಹಾಗೇ ಇಡ್ತಾರೆ, ಗೇಟಲ್ಲಿ ಆ ಕೀಪರ್ ಫೋಟೋ ಹಾಕ್ತಾರೆ."

ಹೊನ್ನಯ್ಯ ಟವೆಲು ಹೆಗಲಿಗೆ ಹಾಕಿಕೊಂಡ. ಆಮೇಲೆ ಥಟ್ಟನೆ ತಿರುಗಿ, ಗೋಲಿನ ಕಡೆಯಿಂದ ಬಂದು ನಿಂತಿದ್ದ ಚಿಕ್ಕರಾಜುವಿನ ಭುಜ ಹಿಡಿದ. "ಇವನೇ ಮೇಡಂ, ಅವನ ಸ್ವಂತ ತಮ್ಮ! ನಮ್ ಕೆಂಪರಾಜು ಅಂದ್ರೆ ಹುಲಿ. ಒಂದು ಬಾಲು ಬುಡ್ತಿರ್ಲಿಲ್ಲ."

ಇದ್ರೀಸ ನೆಲ ನೋಡಿದ.

ಮುದುಕ ಏನೋ ಹೇಳಿದ. ಇನ್ನೊಂದು ಸಲ ಮಾಡಿ ತೋರಿಸೋಕಾಗುತ್ತಾ, ಕ್ಯಾಮೆರಾಕ್ಕೆ ಬೇಕು, ಅಂತ ನವ್ಯಶ್ರೀ ಕೇಳಿದಳು. ಆಗದೇ ಏನು? ಹೊನ್ನಯ್ಯ ಬಸ್ಸಿನ ಕಡೆ ಹೊರಟಿದ್ದವರನ್ನೆಲ್ಲ ಕೂಗಿ ಕರೆದು ಕೂರಿಸಿದ. ಮಕ್ಕಳ ಬಾಯಿಗೆ ತಾಯಂದಿರು ಕೈ ಇಟ್ಟರು. ಕೀಪರೇ ಇಲ್ಲದ ಗೋಲಿಗೆ ಒಬ್ಬ ಮೆತ್ತಗೆ ಬಾಲು ಒದ್ದ. ಅದು ಉರುಳಿಕೊಂಡು ಹೋಗಿ ಒಳಗೆ ನಿಂತಿತು.

ಯಾರೂ ಕೆಮ್ಮಲಿಲ್ಲ ಕೂಡ. ಇಷ್ಟು ಪಕ್ಕಾ ಮೌನ ಈ ಮೈದಾನದಲ್ಲಿ ಯಾವತ್ತೂ ಆಗಿರಲಿಲ್ಲ. ಚಿಕ್ಕರಾಜು ಉಸಿರು ಬಿಗಿಹಿಡಿದು ಕಿವಿಯಾದ. ಕೆರೆಯ ನೀರು, ಕ್ಯಾಮೆರಾ ಹಿಡಿದವನ ಬೂಟಿನಡಿ ಒಂದು ಕಲ್ಲು, ದೂರದಲ್ಲಿ ಬೆಂಗಳೂರು ಬಸ್ಸಿನ ಹಾರನ್ನು, ಇಷ್ಟೇ ಕೇಳಿಸಿದ್ದು. ಕಂಬದ ಹತ್ತಿರ ಯಾರೂ ಇರಲಿಲ್ಲ. ಹಿಂದೆಂದೂ ಯಾರೂ ಇದ್ದೇ ಇರಲಿಲ್ಲವೇನೋ ಅನ್ನುವ ಹಂಗೆ, ಇರಲಿಲ್ಲ.

ಮುದುಕ ಕಣ್ಣು ಒರೆಸಿಕೊಂಡ. ನವ್ಯಶ್ರೀ ಮೆಲ್ಲಗೆ ಚಿಕ್ಕರಾಜುವಿನ ಹತ್ತಿರ ಬಂದಳು. ಒಳ್ಳೆಯ ಹುಡುಗಿ, ಅವಳ ದನಿಯಲ್ಲಿ ಸುಳ್ಳಿರಲಿಲ್ಲ.

"ರಾಜು ಅವರೇ, ಹೀಗೇ ಇರ್ತಿತ್ತಾ? ಸರಿಯಾಗಿ ಬಂತಾ? ನಿಮ್ಮ ಮನೆಯವರು ಒಪ್ಪಿದ್ರೆ ಸಾಕು ಅಂತಿದಾರೆ ಅವರು."

ಎಲ್ಲರೂ ಅವನನ್ನೇ ನೋಡುತ್ತಿದ್ದರು, ಇನ್ನೂ ಅದೇ ಮೌನದಲ್ಲಿ. "ಹೂಂ ಅನ್ನು ಕಣ್ಲಾ," ಅಂತ ಹೊನ್ನಯ್ಯ ಮತ್ತೆ ಅವನ ಭುಜ ಹಿಡಿದು ತುಟಿಯಲ್ಲೇ ಬೇಡಿಕೊಂಡ.

ಚಿಕ್ಕರಾಜು ಅವನ ಕೈಯನ್ನು ತನ್ನ ಭುಜದಿಂದ ತೆಗೆದ. ಕ್ಯಾಮೆರಾದ ಮುಂದೆಯೇ ಹಾದು, ಮೈದಾನ ದಾಟಿ, ಟಾರು ರೋಡಿಗೆ ಹತ್ತಿ ನಡೆದುಹೋದ.