ಇನ್‌ಸ್ಪೆಕ್ಟರಮ್ಮ ಮತ್ತು ತ್ರೀಡಿ ಪರದೆ

ಒದ್ದೆ ಹೊದಿಕೆ ಹಿಂಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಎಂಟು ವರ್ಷದ ಮಗಳ ಕೈಯಲ್ಲಿ. ಎದುರುಬದುರು ನಿಂತು ಇಬ್ಬರೂ ತಮ್ಮ ತಮ್ಮ ಬಲಕ್ಕೇ ತಿರುಗಿಸಬೇಕು. ಮಗಳು ಮೈಮರೆತು ಎಡಕ್ಕೆ ತಿರುಗಿಸಿದರೆ ಹೊದಿಕೆ ಸುಮ್ಮನೆ ಉರುಳುತ್ತದೆ, ಒಂದು ಹನಿ ನೀರೂ ಬೀಳುವುದಿಲ್ಲ. ಊರಿನವರ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನ ಮನೆಯಲ್ಲೇ ಬಟ್ಟೆ ಒಗೆಯುವ ಮಷೀನು ಹಿಂಡುವುದನ್ನು ಬಿಟ್ಟು ಎರಡು ವಾರವಾಗಿತ್ತು. ಕೇಳಿದರೆ, "ಗಿರಾಕಿಗಳದ್ದು ಮೊದಲು, ಮನೇದು ಆಮೇಲೆ" ಎನ್ನುತ್ತಿದ್ದ ಗಂಡ.

"ನಿನ್ನ ಬಲ ಯಾವುದು?" ತಾಯಿ ಕೇಳಿದಳು.

"ಊಟ ಮಾಡೋ ಕಡೆ."

"ಹಾಗಾದ್ರೆ ಊಟ ಮಾಡೋ ಕಡೆಗೇ ತಿರುಗಿಸು."

ನೀರು ಧಾರೆಯಾಗಿ ಇಳಿಯತೊಡಗಿತ್ತು. ಅಷ್ಟರಲ್ಲಿ ಮುಂದಿನ ಕೋಣೆಯ ಬಾಗಿಲನ್ನು ಯಾರೋ ತಟ್ಟಿದರು. ಆ ಕೋಣೆಯೇ ಅಂಗಡಿ. ಇನ್ನೂ ತೆರೆಯುವ ಹೊತ್ತಾಗಿರಲಿಲ್ಲ. ಹೊದಿಕೆಯನ್ನು ಬಕೆಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ತಾಯಿ ಬಾಗಿಲು ತೆಗೆದಳು.

ಬೀದಿಯ ಕೊನೆಯ ಬೇಕರಿಯವರು ನಿಂತಿದ್ದರು. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ಅಂಗೈಯಗಲದ, ಪರದೆಯಲ್ಲಿ ಆಟವಾಡುವ ಮಡಚುವ ಗೇಮು. ನಿನ್ನೆ ಸಂಜೆಯಷ್ಟೇ ರಿಪೇರಿಯಾಗಿ ಹೋಗಿದ್ದ ಗೇಮು ಅದು.

"ಅಕ್ಕಾ, ಅಣ್ಣ ಇದ್ದಾರಾ?"

"ಹಾಲು ತರೋಕೆ ಹೋಗಿದ್ದಾರೆ, ಈಗ ಬರ್ತಾರೆ. ಯಾಕೆ, ಮತ್ತೆ ಕೈಕೊಡ್ತಾ?"

"ಎಲ್ಲಾ ಸರಿ ಇದೆ. ಪರದೆ ಕನ್ನಡಿ ಥರ ಇದೆ. ಆದ್ರೆ ತ್ರೀಡಿ ಇಲ್ಲ. ಪಕ್ಕದ ಗುಂಡಿ ಎಷ್ಟು ಮೇಲೆ ತಳ್ಳಿದ್ರೂ ಚಪ್ಪಟೆ. ಅಂಟಿಸಿದ ಚೀಟಿ ನೋಡಿದ ಹಾಗಿದೆ."

ತಾಯಿ ತಿರುಗಿ ನೋಡಿದಳು. ಮಗಳು ಒಳಬಾಗಿಲಲ್ಲೇ ನಿಂತಿದ್ದಳು, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಈ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ರಿಪೇರಿ ಮಾಡಿದ ಕೈ ಪರೀಕ್ಷೆ ಮಾಡಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು, ತಾನು ಕೂರಿಸಿದ ತಿರುಪು ತನಗೆ ಸರಿಯಾಗೇ ಕಾಣುತ್ತದೆ ಎಂಬುದು ಗಂಡನ ವಾದ. ಹಾಗಾಗಿ ಆಟದ ಯಂತ್ರಗಳನ್ನು ಪರೀಕ್ಷಿಸುವ ಅಧಿಕಾರ ಒಂದು ವರ್ಷದಿಂದ ಮಗಳದ್ದು. ಕಿಟಕಿ ಪಕ್ಕದ ಎತ್ತರದ ಸ್ಟೂಲು ಅವಳ ಆಫೀಸು. ಅಪ್ಪ ಬರೆದುಕೊಟ್ಟ ಹನ್ನೆರಡು ಸಾಲಿನ ರಟ್ಟಿನ ಚೀಟಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಪ್ರತಿ ಗುಂಡಿಯನ್ನೂ ಇಪ್ಪತ್ತು ಸಲ ಒತ್ತುತ್ತಿದ್ದಳು. ಶಬ್ದ ಪರೀಕ್ಷಿಸುವಾಗ ಮನೆಯವರೆಲ್ಲ ಉಸಿರು ಬಿಗಿಹಿಡಿಯಬೇಕು. ಅವಳು ಹನ್ನೆರಡೂ ಗುರುತು ಹಾಕದೆ ಯಾವ ಯಂತ್ರವೂ ಹೊಸ್ತಿಲು ದಾಟುತ್ತಿರಲಿಲ್ಲ. ಅಪ್ಪ ಅವಳನ್ನು ಇನ್‌ಸ್ಪೆಕ್ಟರಮ್ಮ ಎಂದೇ ಕರೆಯುತ್ತಿದ್ದ. ಗಿರಾಕಿಗಳ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಶಾಲೆಯಲ್ಲಿ ಹಿಂದಿನ ಬೆಂಚಿನ ಮೌನಿಯಾಗಿದ್ದ ಹುಡುಗಿಯ ಕತ್ತು, ಆ ಸ್ಟೂಲಿನ ಮೇಲೆ ಕೂತರೆ ಒಂದು ಗೇಣು ಉದ್ದವಾಗುತ್ತಿದ್ದುದನ್ನು ತಾಯಿ ಕಂಡಿದ್ದಳು.

ಹಾಲಿನ ಪಾತ್ರೆಯೊಂದಿಗೆ ಗಂಡ ಬಂದ. ಬೇಕರಿಯವರ ದೂರು ಕೇಳಿ, ಕನ್ನಡಕ ಹಣೆಗೇರಿಸಿ, ದೀಪ ಹಾಕಿ ಗೇಮಿನ ಬೆನ್ನು ಬಿಚ್ಚತೊಡಗಿದ. ಬಿಚ್ಚಿದ ತಿರುಪುಗಳು ಒಂದೊಂದಾಗಿ ಮೊಟ್ಟೆಯ ತಟ್ಟೆಯ ಗುಳಿಗಳಿಗೆ ಬಿದ್ದವು.

"ಕೂತ್ಕೊಳ್ಳಿ. ಬೇಕರಿ ಯಾರು ನೋಡ್ಕೋತಾರೆ?"

"ಹಿಟ್ಟು ಉಬ್ಬೋಕೆ ಇನ್ನೂ ಮುಕ್ಕಾಲು ಗಂಟೆ ಬೇಕು. ಅದನ್ನ ಯಾರೂ ನೋಡ್ಕೋಬೇಕಾಗಿಲ್ಲ. ನೋಡ್ತಾ ಕೂತ್ರೆ ಉಬ್ಬೋದೂ ಇಲ್ಲ."

"ನನ್ನ ಕೇಳಿದ್ರೆ ಈ ತ್ರೀಡಿ ಗುಂಡೀನ ಕೆಳಗೇ ಇಟ್ಟು ಆಡಿ," ಎಂದ ಗಂಡ. "ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊದಲ ವಾರ ಎಲ್ಲರೂ ಪೂರ್ತಿ ಮೇಲೆ ತಳ್ಳಿ ಆಡೋರೆ. ಎರಡನೇ ವಾರ ಅರ್ಧ. ಆಮೇಲೆ ಆ ಗುಂಡಿ ಮೇಲೆ ಧೂಳು. ನನ್ನ ಹತ್ರ ಬರೋ ಗೇಮುಗಳಲ್ಲಿ ಎಲ್ಲಾ ಗುಂಡೀನೂ ಸವೆದಿರುತ್ತೆ, ಇದೊಂದು ಮಾತ್ರ ಹೊಸದಾಗೇ ಇರುತ್ತೆ. ಕತ್ತು ಅಲ್ಲಾಡಿಸೋ ಹಾಗಿಲ್ಲ, ಅಲ್ಲಾಡಿಸಿದ್ರೆ ಒಂದು ಎರಡಾಗುತ್ತೆ. ಬ್ಯಾಟರಿ ಬೇಗ ಮುಗಿಯುತ್ತೆ. ಹತ್ತು ನಿಮಿಷಕ್ಕೆ ನನಗೆ ಹಣೆ ಸಿಡಿಯುತ್ತೆ. ತಲೆನೋವನ್ನ ಪೆಟ್ಟಿಗೇಲಿ ಹಾಕಿ ಮಾರಿದ್ದಾರೆ, ಅಷ್ಟೆ."

ಬೇಕರಿಯವರು ಕೋಪಿಸಿಕೊಳ್ಳಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು ಮುಂದೆ ಬಾಗಿದರು.

"ಅಣ್ಣ, ನನ್ನ ಒಲೆ ಕೋಣೆ ನೋಡಿದ್ದೀರಲ್ಲ. ಆರಡಿ ಅಗಲ. ಮೂರು ಗೋಡೆ, ಒಂದು ಒಲೆ. ಬೆಳಗಿಂದ ಸಂಜೆವರೆಗೆ ನನ್ನ ಕಣ್ಣಿಗೆ ಮಾರುದೂರದ ಆಚೆ ಏನೂ ಕಾಣಲ್ಲ. ಬ್ರೆಡ್ಡು ಒಳಗೆ ಹೋದಾಗ ಇಪ್ಪತ್ತು ನಿಮಿಷ ಇದನ್ನ ತೆಗೀತೀನಿ. ಗುಂಡಿ ಮೇಲೆ ತಳ್ಳಿದ್ರೆ ಎದುರಿಗೆ ಬಯಲು, ಬಯಲಾಚೆ ಮರ, ಮರದಾಚೆ ಗುಡ್ಡ. ಗೋಡೆಗೆ ಕಿಟಕಿ ಕೊರೆದ ಹಾಗೆ. ಆಟದಲ್ಲಿ ನಾನು ಸೋಲೋದೇ ಹೆಚ್ಚು. ಆದ್ರೆ ಆ ದೂರ ಬೇಕು ನನಗೆ. ಕತ್ತು ಅಲ್ಲಾಡಿಸದೆ ನಿಲ್ಲೋದು ಒಲೆ ಮುಂದೆ ಹೇಗೂ ಅಭ್ಯಾಸ ಆಗಿದೆ."

ಗಂಡ ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಚಿಮುಟದ ತುದಿಯಲ್ಲಿ ಏನನ್ನೋ ಎತ್ತಿ ತೋರಿಸಿದ. ಉಗುರಿನಷ್ಟು ಅಗಲದ, ಕಾಗದಕ್ಕಿಂತ ತೆಳುವಾದ ಪಟ್ಟಿ.

"ಸಿಕ್ತು. ಹೊಸ ಪರದೆ ಕೂರಿಸುವಾಗ ತ್ರೀಡಿಗೆ ಕರೆಂಟು ಒಯ್ಯೋ ಈ ಎರಡನೇ ಪಟ್ಟಿ ಮಡಚಿಕೊಂಡು ಕೆಳಗೇ ಉಳಿದಿದೆ. ತಪ್ಪು ನನ್ನದೇ." ಐದೇ ನಿಮಿಷದಲ್ಲಿ ಪಟ್ಟಿಯನ್ನು ಅದರ ಕೊಕ್ಕೆಗೆ ಸೇರಿಸಿ, ಬೆನ್ನು ಮುಚ್ಚಿದ. ಆಮೇಲೆ ನಿನ್ನೆಯ ರಟ್ಟಿನ ಚೀಟಿ ಹುಡುಕಿ ತೆಗೆದ. ಹನ್ನೆರಡು ಸಾಲು, ಹನ್ನೆರಡು ಗುರುತು. ಹನ್ನೊಂದನೆಯದು: 'ತ್ರೀಡಿ ಗುಂಡಿ ಮೇಲೆ ತಳ್ಳು. ಚಿತ್ರ ಒಳಕ್ಕೆ ಹೋಗುತ್ತದೆಯೇ?'

"ಇನ್‌ಸ್ಪೆಕ್ಟರಮ್ಮ, ಇಲ್ಲಿ ಬಾ. ಹನ್ನೊಂದಕ್ಕೆ ಗುರುತು ಹಾಕಿದ್ದೀಯ."

"ಹಾಕಿದ್ದೀನಿ."

"ನೋಡಿ ಹಾಕಿದ್ಯೋ, ನೋಡದೆ ಹಾಕಿದ್ಯೋ?"

"ನೋಡೇ ಹಾಕಿದೆ ಅಪ್ಪ." ಹುಡುಗಿಯ ದನಿ ಸಣ್ಣದಾಗಿತ್ತು, ಆದರೆ ಅಲ್ಲಾಡಲಿಲ್ಲ.

"ನೋಡಿದ್ರೆ ಗೊತ್ತಾಗ್ಬೇಕಿತ್ತಲ್ಲ ಮರಿ. ಹೋಗ್ಲಿ ಬಿಡು. ಪರೀಕ್ಷೆ ಹತ್ತಿರ ಬಂತು, ಓದೋದೂ ಇರುತ್ತೆ. ಇನ್ನು ಕೆಲವು ದಿನ ನಾನೇ ನೋಡ್ಕೋತೀನಿ."

ಬೈಗುಳಕ್ಕಾದರೆ ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು. ಈ ಮೆತ್ತನೆಯ ಮಾತಿಗೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಿವಿಯಿಂದ ಪೆನ್ಸಿಲು ತೆಗೆದು, ಮೇಜಿನ ಮೇಲೆ ಉರುಳದ ಹಾಗೆ ಇಟ್ಟಳು.

"ನೋಡಿ ಅಕ್ಕಾ, ಬಂತು," ಎಂದು ಬೇಕರಿಯವರು ಗೇಮನ್ನು ತಾಯಿಯ ಮುಖದ ಮುಂದೆ ಹಿಡಿದರು. "ಸ್ವಲ್ಪ ಹಿಂದೆ ಹೋಗಿ. ಹಾ, ಅಲ್ಲೇ ನಿಲ್ಲಿ."

ಅವಳು ಇಂಥವನ್ನು ಎಂದೂ ಸರಿಯಾಗಿ ನೋಡಿದವಳಲ್ಲ. ಪಾತ್ರೆ ಒಲೆಯ ಮೇಲಿರುವಾಗ ಆಟ ಯಾರಿಗೆ ಬೇಕು. ಈಗ ಗುಂಡಿ ಮೇಲೇರಿದಂತೆ ಪರದೆಯ ಗಾಜು ಇದ್ದಕ್ಕಿದ್ದಂತೆ ಇಲ್ಲವಾಯಿತು. ಹುಲ್ಲು ಇಲ್ಲೇ ಉಳಿಯಿತು, ಮರ ಸರಿದು ಹಿಂದೆ ಹೋಯಿತು, ಗುಡ್ಡ ಇನ್ನೂ ಹಿಂದೆ. ಅಂಗೈಯಗಲದ ಪೆಟ್ಟಿಗೆಯೊಳಗೆ ನಾಲ್ಕು ಹೆಜ್ಜೆ ನಡೆದು ಬರಬಹುದು ಅನ್ನಿಸುವಷ್ಟು ಜಾಗ. "ಅಯ್ಯೋ, ಚೆನ್ನಾಗಿದೆಯಲ್ಲ," ಎಂದಳು ತನ್ನಷ್ಟಕ್ಕೆ.

"ನಿನಗೂ ಹುಚ್ಚು ಹಿಡಿಸಿದ್ರಾ?" ಗಂಡ ನಕ್ಕ. "ಅದೇನೂ ಮಂತ್ರ ಅಲ್ಲ ಕಣೆ. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಒಂದು. ಎರಡು ಕಣ್ಣೂ ಜೊತೆಗೆ ಕೆಲಸ ಮಾಡಿ ಅದನ್ನ ಒಂದು ಮಾಡ್ಬೇಕು. ಮಾಡದಿದ್ರೆ ಏನೂ ಇಲ್ಲ."

ತಾಯಿ ಪರದೆಯಿಂದ ಕಣ್ಣು ತೆಗೆದು ಮಗಳನ್ನು ನೋಡಿದಳು. ಮಗಳು ಪರದೆ ನೋಡುತ್ತಿರಲಿಲ್ಲ. ಅಮ್ಮನ ಮುಖ ನೋಡುತ್ತಿದ್ದಳು, ಮಗ್ಗಿ ಒಪ್ಪಿಸುವವರ ಬಾಯಿ ನೋಡುವ ಹಾಗೆ.

ಅಲ್ಲಿಂದ ಒಂದೊಂದೇ ನೆನಪಾಗತೊಡಗಿತು. ಹಾಲು ಬಗ್ಗಿಸುವಾಗ ಮಗಳು ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಗುಲಿಸಿಯೇ ಸುರಿಯುತ್ತಿದ್ದಳು. ತಗುಲಿಸದೆ ಸುರಿದ ದಿನ ಅರ್ಧ ಹಾಲು ಮೇಜಿಗೆ. ಚೆಂಡು ಎಸೆದರೆ ಕೈಯಲ್ಲಿ ಹಿಡಿಯದೆ ಎದೆಗೆ ಅಪ್ಪಿಕೊಳ್ಳುತ್ತಿದ್ದಳು. ದಣಿದಾಗ ಎಡಗಣ್ಣು ಕೊಂಚ ಆಚೆ ಸರಿಯುತ್ತಿತ್ತು. ಅದನ್ನು ಇವರು 'ಕನಸು ಕಾಣ್ತಿದ್ದಾಳೆ' ಎಂದು ನಗುತ್ತಿದ್ದರು. ಲೋಟದ ಹಾಲಿಗೆ 'ಅವಸರದ ಬುದ್ಧಿ' ಎಂದಿದ್ದರು. ದಿನಕ್ಕೆ ಎರಡು ಸಲ ಮಗಳ ತಲೆ ಬಾಚುವ ತಾನೇ, ಹಣೆಯ ಕೆಳಗಿನ ಕಣ್ಣನ್ನು ನೋಡಿರಲಿಲ್ಲ.

ಮಗಳ ಎರಡು ಕಣ್ಣು ಜೊತೆಗೂಡುತ್ತಿಲ್ಲ ಎಂದು ತಾನೇ ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಿರಾಕಿಯ ಎದುರು, ಕೈಯಿಂದ ಪೆನ್ಸಿಲು ಇಳಿಸಿ ನಿಂತ ಮಗುವಿನ ಮೇಲೆ ಇನ್ನೊಂದು ಕೊರತೆಯನ್ನು ಹೇರುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಕಾಯಿಯನ್ನು ಹಿಸುಕಿ ಹಣ್ಣು ಮಾಡಲಾಗುವುದಿಲ್ಲ. ಒಂದು ವರ್ಷ ಒಳಗೇ ಇಟ್ಟುಕೊಂಡದ್ದು ಏನೇ ಇದ್ದರೂ ಅವಳ ಬಾಯಿಂದಲೇ ಬರಲಿ.

"ರೀ," ಎಂದಳು ಗಂಡನಿಗೆ. "ನಿಮ್ಮ ಕಟ್ಟುಪಾಡು ನೀವೇ ಮುರೀತೀರಾ? ಮಾಡಿದ ಕೈ ಪರೀಕ್ಷೆ ಮಾಡಬಾರದಲ್ಲ. ಈಗ ಮತ್ತೆ ಬಿಚ್ಚಿ ಮುಚ್ಚಿದ್ದು ನೀವು. ಹನ್ನೆರಡೂ ಇನ್ನೊಂದ್ಸಲ ಆಗ್ಬೇಕು. ಇವರ ಹಿಟ್ಟು ಉಬ್ಬೋಕೆ ಇನ್ನೂ ಹೊತ್ತಿದೆ."

ಗಂಡ ಅವಳ ಮುಖ ನೋಡಿದ. ಹನ್ನೊಂದು ವರ್ಷದ ಸಂಸಾರ. ಯಾವಾಗ ವಾದ ಮಾಡಬಾರದೆಂದು ತಿಳಿದಿತ್ತು. ಹೊಸ ಚೀಟಿಯನ್ನೂ ಪೆನ್ಸಿಲನ್ನೂ ಮಗಳ ಕಡೆ ತಳ್ಳಿದ.

ಹುಡುಗಿ ಸ್ಟೂಲು ಹತ್ತಿದಳು. ತಾಯಿ ಒಳಗಿಂದ ಬಕೆಟ್ಟು ತಂದು ಪಕ್ಕದಲ್ಲೇ ನೆಲದ ಮೇಲೆ ಕೂತು, ಹೊದಿಕೆಯನ್ನು ಒಂದೊಂದು ಮೊಳದಂತೆ ಒಬ್ಬಳೇ ಹಿಂಡತೊಡಗಿದಳು. ಕೆಲಸ ನಿಧಾನವಾಗಿ ಸಾಗಿತು. ನಿಧಾನವಾಗಲಿ ಎಂದೇ ಅವಳು ಹಾಗೆ ಕೂತದ್ದು. ಸ್ಟೂಲಿನ ಮೇಲೆ ಮಗಳ ಪರೀಕ್ಷೆ ಶುರುವಾಯಿತು: ತೆರೆಯುವುದು, ಮುಚ್ಚುವುದು, ಗುಂಡಿಗಳು, ಶಬ್ದ. ಶಬ್ದದ ಸಾಲು ಬಂದಾಗ ಬೇಕರಿಯವರೂ ಉಸಿರು ಬಿಗಿಹಿಡಿದರು. ಒಂದಾದ ಮೇಲೆ ಒಂದು ಗುರುತು ಬಿತ್ತು.

ಹನ್ನೊಂದರಲ್ಲಿ ಪೆನ್ಸಿಲು ನಿಂತಿತು. ಹುಡುಗಿ ಗುಂಡಿ ಮೇಲೆ ತಳ್ಳಿದಳು. ನೋಡಿದಳು. ಗೇಮನ್ನು ಹತ್ತಿರ ತಂದಳು, ದೂರ ಹಿಡಿದಳು. ಗುಂಡಿ ಕೆಳಗಿಳಿಸಿ ಮತ್ತೆ ನೋಡಿದಳು. ಅಪ್ಪನಿಗೂ ಈಗ ಕಂಡಿತು. ಅಸಡ್ಡೆಯ ಹುಡುಗಿ ಇಷ್ಟು ಹೊತ್ತು ಒಂದು ಸಾಲಿನ ಮೇಲೆ ಕೂರುವುದಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಒದ್ದೆ ಕೈಯಿಂದಲೇ ಅವನ ಕಾಲನ್ನು ಮೆಲ್ಲಗೆ ಮುಟ್ಟಿದಳು. ಅವನು ಬಾಯಿ ಮುಚ್ಚಿದ.

ಹುಡುಗಿ ಹನ್ನೊಂದನ್ನು ಬಿಟ್ಟು, ಹನ್ನೆರಡಕ್ಕೆ ಹೋಗಿ, ಗೇಮನ್ನು ಬಟ್ಟೆಯಿಂದ ಒರೆಸಿ ಗುರುತು ಹಾಕಿದಳು. ಹಿಂದಕ್ಕೆ ಬಂದಳು. ಖಾಲಿ ಜಾಗ ಅಲ್ಲೇ ಇತ್ತು.

"ಮಾಮ, ಹಿಟ್ಟು ಉಬ್ಬಿಬಿಡುತ್ತಾ?"

"ಉಬ್ಬಲಿ ಬಿಡು. ಒಂದು ದಿನ ಬ್ರೆಡ್ಡು ದಪ್ಪಗಿದ್ರೆ ಯಾರೂ ಜಗಳಕ್ಕೆ ಬರಲ್ಲ. ನಿನಗೆ ಸರಿ ಅನ್ನಿಸೋವರೆಗೆ ನಾನು ಎಲ್ಲೂ ಹೋಗಲ್ಲ."

ಅವಳು ಪೆನ್ಸಿಲನ್ನು ಚೀಟಿಯ ಮೇಲೆ ಇಟ್ಟು, ಸ್ಟೂಲಿನಿಂದ ಇಳಿದು, ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಗೇಮು ಎರಡೂ ಕೈಯಲ್ಲಿತ್ತು. ತಾಯಿ ಅವಸರಪಡಿಸಲಿಲ್ಲ. ಹೊದಿಕೆಯ ಇನ್ನೊಂದು ಮೊಳ ಹಿಂಡಿದಳು.

"ಅಮ್ಮ," ಎಂದಳು ಮಗಳು. ಮೊದಲು ಪಿಸುಮಾತಿನಲ್ಲಿ. ಆಮೇಲೆ, ಇನ್‌ಸ್ಪೆಕ್ಟರಮ್ಮನಿಗೆ ಪಿಸುಮಾತು ಸಲ್ಲದು ಅಂದುಕೊಂಡಳೋ ಏನೋ, ಅಪ್ಪನಿಗೂ ಬೇಕರಿಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಯಾರಾದ್ರೂ ಮನೆಗೆ ಬಂದಾಗ ಟೀ ಕುಡಿದು ಚೆನ್ನಾಗಿದೆ ಅಂತಾರಲ್ಲ, ಸಕ್ಕರೆ ಹಾಕೋದು ಮರೆತಿದ್ರೂ. ಒಳಗೆ ಹೋಗುತ್ತೆ, ದೂರ ಹೋಗುತ್ತೆ ಅನ್ನೋದೂ ಅಂಥದ್ದೇ ಅಂದ್ಕೊಂಡಿದ್ದೆ ನಾನು. ಎಲ್ಲರೂ ಹಾಗೆ ಅನ್ಬೇಕು ಅಂತ ಇರುತ್ತೇನೋ, ನಾನೂ ಅನ್ಬೇಕೇನೋ ಅಂತ. ನೀನು ಈಗ ನೋಡಿದ್ಯಲ್ಲ ಅಮ್ಮ. ನಿನಗೆ ಆ ಮರ ನಿಜವಾಗ್ಲೂ ಹಿಂದೆ ಹೋಯ್ತಾ?"