ಕತ್ತಲಲ್ಲಿ ಹರಿದ ಕರೆಂಟು

ದೀಪ ಆರಿಸಿದ ಮೇಲೂ ಕರೆಂಟು ಹೆಚ್ಚೇನೂ ಇಳಿಯಲಿಲ್ಲ. ಸಂಶೋಧಕಿ ತಲೆ ಚಚ್ಚಿಕೊಂಡಳು. ಮೂರು ವಾರದಿಂದ ಇದೇ ಗೋಳು.

ಗಾಜಿನ ಚೂರಿನ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಪದರ. ಅದನ್ನು ಕ್ಷಾರದ ನೀರಿನಲ್ಲಿ ಇಳಿಬಿಟ್ಟು ಬೆಳಕು ಬಿಟ್ಟರೆ ಪದರ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯಬೇಕು. ಎಷ್ಟು ಒಡೆಯಿತೆಂದು ತಂತಿಯಲ್ಲಿ ಹರಿಯುವ ಕರೆಂಟು ಹೇಳಬೇಕು. ಬೆಳಕು ಹೋದರೆ ಕರೆಂಟೂ ಹೋಗಬೇಕು.

"ಆಕ್ಸೈಡ್ ಅಂದ್ರೆ ತುಕ್ಕು ತಾನೇ? ನಮ್ಮ ಗೇಟಲ್ಲೇ ಬೇಕಾದಷ್ಟಿದೆ, ಕೆರ್ಕೊಂಡು ಹೋಗು," ಎಂದು ಬೆಳಿಗ್ಗೆ ಅಮ್ಮ ಅಣಕಿಸಿದ್ದಳು. ಮಗಳಿಗೆ ನಗು ಬಂದಿರಲಿಲ್ಲ.

ಅವಳ ಪಿಎಚ್‌ಡಿ ಗೈಡಿಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು. "ಪದರ ಬೆಳಕನ್ನ ಹಿಡಿದಿಟ್ಕೊಂಡು ಕತ್ತಲಲ್ಲೂ ಕೆಲಸ ಮಾಡ್ತಿದೆ ಕಣಮ್ಮಾ!" ಎಂದು ಅರ್ಧ ಪ್ರಬಂಧ ಬರೆದೇಬಿಟ್ಟಿದ್ದರು.

"ಸರ್, ಎರಡು ದಿನ ಕಪ್ಪು ಡಬ್ಬಿಯಲ್ಲಿಟ್ಟ ಚೂರೂ ಹೀಗೇ ಮಾಡ್ತಿದೆ. ಅದೇನು ಹಿಡಿದಿಟ್ಕೊಂಡಿರುತ್ತೆ?"

"ನಿಂದು ಯಾವಾಗ್ಲೂ ಅಡ್ಡಬಾಯಿ. ಗ್ರಾಫ್ ಕೊಡು."

ಹಲ್ಲು ಕಚ್ಚಿಕೊಂಡು ವಾಪಸು ಬಂದಳು. ತಂತಿ ಬದಲಿಸಿದಳು, ನೀರು ಬದಲಿಸಿದಳು. ಊಹೂಂ. ಸಿಟ್ಟಿನಲ್ಲಿ ಗಾಜನ್ನು ಹೊರಗೆಳೆದಾಗ ಅದನ್ನು ಕಚ್ಚಿದ್ದ ತಾಮ್ರದ ಕ್ಲಿಪ್ಪಿನ ಹಲ್ಲುಗಳು ಹಸಿರುಗಟ್ಟಿದ್ದು ಕಂಡಿತು. ಪಾತ್ರೆಯ ಅಂಚಿನವರೆಗೂ ತುಂಬಿದ್ದ ನೀರು ಗಾಜು ಹತ್ತಿ ಕ್ಲಿಪ್ಪನ್ನು ಮುಟ್ಟುತ್ತಿತ್ತು.

ಗಾಜನ್ನು ಬದಿಗಿಟ್ಟು ಬರೀ ಕ್ಲಿಪ್ಪನ್ನೇ ನೀರಿಗೆ ಅದ್ದಿದಳು. ಹೆಚ್ಚುಕಡಿಮೆ ಅಷ್ಟೇ ಕರೆಂಟು! ತಾಮ್ರ ಸವೆಯುತ್ತಾ ಕರೆಂಟು ಕೊಡುತ್ತಿತ್ತು, ಇವರು ಅದಕ್ಕೆ ಪ್ರಬಂಧ ಬರೆಯುತ್ತಿದ್ದರು.

ಬಂದು ನೋಡಿದ ಗೈಡಿನ ಮುಖ ಕಪ್ಪಿಟ್ಟಿತು. "ಇಷ್ಟೊಂದು ನೀರು ಯಾರು ತುಂಬಿಸಿದ್ದು?"

"ಪದರ ಪೂರ್ತಿ ಮುಳುಗ್ಲಿ ಅಂತ ನೀವೇ ಹೇಳಿದ್ದು ಸರ್."

ಗೈಡು ದನಿ ತಗ್ಗಿಸಿ ಕೇಳಿದರು, "ಕತ್ತಲಿಂದು ಬಿಟ್ಟು, ಬೆಳಕಿನ ಅಂಕಿ ಮಾತ್ರ ಕೊಟ್ರೆ?"

"ಬೆಳಕಿದ್ದಾಗ್ಲೂ ತಾಮ್ರ ಸವೀತಾನೇ ಇತ್ತಲ್ಲ ಸರ್. ಆ ಅಂಕಿಯ ಕೆಳಗೆ ನನ್ನ ಹೆಸರು ಬೇಡ."

ಗೈಡು ಹೊರಟ ರಭಸಕ್ಕೆ ಬಾಗಿಲು ಧಡಾರನೆ ಬಡಿದುಕೊಂಡಿತು. ಅವಳು ನೀರು ತಗ್ಗಿಸಿ, ಕ್ಲಿಪ್ಪು ಒರೆಸಿ, ಸಂಜೆಯವರೆಗೂ ಅಳೆದಳು. ಬೆಳಕಿಗೆ ಕರೆಂಟು ಏರುತ್ತಿತ್ತು, ಕತ್ತಲಿಗೆ ತೆಪ್ಪಗೆ ಸೊನ್ನೆಗಿಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಗೈಡೇ ಅವಳ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿದ್ದ ಪ್ರಬಂಧದ ತುಂಬ ಕೆಂಪು ಗೀಟು.

"ಈಗೆಷ್ಟು ಬಂತು?"

"ಮೊದಲಿನದರ ಒಂಬತ್ತನೇ ಒಂದು ಪಾಲು."

"ಇಷ್ಟೇನಾ?"

"ಇಷ್ಟೇ ಸರ್."

ಅವರು ಸ್ಟೂಲು ಎಳೆದುಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದರು. "ಸರಿ, ಹೇಳು. ಮೊದಲಿಂದ ಬರೀತೀನಿ."