ಅರ್ಧ ಗುಳಿಗೆ

“ಗುಳಿಗಿ ಹಂಚಕೊಂಡು ತಿನ್ನಾಕ ಇದೇನ ನಿಮ್ಮನಿ ಸಾರೇನಬೇ? ಬುದ್ಧಿಗೇಡಿ ಮಂದಿ.”

ಡಾಕ್ಟರ್ ರಾಜಶೇಖರ ಬೈಯುತ್ತಿದ್ದರೂ ಮದೀನಾಬಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು. ಬೈಗುಳ ಕೇಳಲು ಕಿವಿ ಸಾಕು, ಕೈ ಯಾಕೆ ನಿಲ್ಲಿಸಬೇಕು?

ಹರೆಯದ ಹುಡುಗಿಯರಿಗೆ ರಕ್ತ ಯಾಕೆ ಕಡಿಮೆ ಎಂದು ಹುಡುಕಲು ದಿಲ್ಲಿಯ ಒಂದು ಸಂಸ್ಥೆ ಈ ಡಾಕ್ಟರಿಗೆ ಅನುದಾನ ಕೊಟ್ಟಿತ್ತು. ಈ ಕಮರಿಪೇಟೆ ಓಣಿಯ ಯಾವ ತಾಯಿಯನ್ನು ಕೇಳಿದ್ದರೂ ಪುಕ್ಕಟೆ ಹೇಳುತ್ತಿದ್ದಳು. ಪುಕ್ಕಟೆ ಮಾತಿಗೆ ದೇಶಪಾಂಡೆ ನಗರದಲ್ಲಿ ಎ.ಸಿ. ಆಫೀಸು ಸಿಗುವುದಿಲ್ಲವಲ್ಲ. ಓಣಿಯ ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ರಕ್ತ ಹೆಚ್ಚಿಸುವ ಗುಳಿಗೆ, ಇನ್ನೊಂದಕ್ಕೆ ಬರೀ ರಕ್ತ ಎಳೆಯುವ ಸೂಜಿ. ಎಷ್ಟು ಫರಕು ಬೀಳುತ್ತದೆಂದು ನೋಡಬೇಕಂತೆ. ಗೋಡೆಯಾಚೆಯ ರತ್ನವ್ವನ ಮಗಳು ಭಾಗ್ಯಶ್ರೀಗೆ ಗುಳಿಗೆ ಬಂತು. ಸಾಲೆಯಲ್ಲಿ ಎರಡು ಸಲ ತಲೆಸುತ್ತಿ ಬಿದ್ದ ಮದೀನಾಬಿಯ ಮಗಳು ಗುಲ್ನಾಜಳಿಗೆ ಸೂಜಿ ಬಂತು.

ಈ ಹಂಚಿಕೆ ರತ್ನವ್ವನ ತಲೆಗೆ ಹೋಗಲೇ ಇಲ್ಲ. ಪಲ್ಯ ಮಾಡಿದರೆ ಗೋಡೆಯ ಮೇಲೊಂದು ಬಟ್ಟಲು ಇಡುವ ಹೆಂಗಸು ಅವಳು. ಗುಳಿಗೆಯನ್ನೂ ಅಡಕೆ ಕತ್ತರಿಯಲ್ಲಿ ಕತ್ತರಿಸಿ ಅರ್ಧ ಇಟ್ಟಳು. ನೋಡನೋಡುತ್ತ ಓಣಿಯೆಲ್ಲ ಹಾಗೇ ಮಾಡಿತು. ಮೊನ್ನೆಯ ತಪಾಸಣೆಯಲ್ಲಿ ಎರಡೂ ಗುಂಪಿನ ರಕ್ತ ಒಂದೇ ಸಮ ಬಂದು ಡಾಕ್ಟರರ ಮುಖದ ರಕ್ತ ಇಳಿದಿತ್ತು.

ನಾಳೆ ದಿಲ್ಲಿಯವರು ಬರುತ್ತಾರೆ, ಮಗಳು ಗುಳಿಗೆ ಮುಟ್ಟಿಲ್ಲವೆಂದು ಹೇಳು ಎಂದ ಆತ. ಹೇಳಿದರೆ ಗುಳಿಗೆ ಕೊಡುತ್ತೀರಾ ಎಂದು ಮದೀನಾಬಿ ಕೇಳಿದಳು. ಇನ್ನೆರಡು ವರ್ಷ ಆಕೆ ಗುಳಿಗೆಯಿಲ್ಲದೆ ಇರಬೇಕು, ಮುಂದಿನ ಅನುದಾನ ಬರುವುದೇ ಅದಕ್ಕೆ, ಇನ್ನು ಮೇಲೆ ಗುಳಿಗೆ ಸಿಕ್ಕವರು ನರ್ಸ್ ಎದುರಿಗೇ ನುಂಗಬೇಕು ಎಂದು ನಾಚಿಕೆಯಿಲ್ಲದೆ ಹೇಳಿ ಹೋದ.

ಮರುದಿನ ಸಾಲೆಯ ಪಡಸಾಲೆಯಲ್ಲಿ ತಾಯಿ-ಮಕ್ಕಳೆಲ್ಲ ನೆರೆದಿದ್ದಾಗ, ದಿಲ್ಲಿ ಸಂಸ್ಥೆಯ ಹೆಂಗಸು ನಿನ್ನ ಮಗಳು ಗುಳಿಗೆ ತಿಂದಳೇ ಎಂದು ಹಿಂದಿಯಲ್ಲಿ ಕೇಳಿದಳು. ಅನುವಾದಕ್ಕೆಂದು ಡಾಕ್ಟರ್ ಬಾಯಿ ತೆರೆಯುವಷ್ಟರಲ್ಲಿ ಮದೀನಾಬಿ ತನ್ನ ಮನೆಮಾತು ಉರ್ದುವಿನಲ್ಲೇ ಉತ್ತರ ಕೊಟ್ಟಿದ್ದಳು: ಮಗಳು ತಿಂದಿದ್ದಾಳೆ, ಅದಕ್ಕೇ ಬೀಳುವುದು ನಿಂತಿದೆ.

“ನಿನ್ನೆ ಏನ ಹೇಳಿದ್ದೆ ನಿನಗ?” ಆತ ಹಲ್ಲು ಕಡಿದ.

“ಗೋಡಿ ಆಚಿಗೊಂದು ಕೂಸು, ಈಚಿಗೊಂದು ಕೂಸು. ಒಂದಕ್ಕ ಕೊಟ್ಟು, ಇನ್ನೊಂದು ಬೀಳೂದನ್ನ ನೋಡಕೋತ ಕುಂದ್ರಾಕ ನಾವೇನ ಡಾಕ್ಟರಕಿ ಕಲ್ತೇವೇನೋ, ಭಾಡ್ಯಾ?”

ನರ್ಸ್ ಭಾಗ್ಯಶ್ರೀಯ ಅಂಗೈಗೆ ಗುಳಿಗೆ ಹಾಕಿ ನುಂಗು ಎಂದಳು. ರತ್ನವ್ವ ಅದನ್ನು ಎತ್ತಿಕೊಂಡು, ಸೊಂಟದ ಚೀಲದಿಂದ ಅಡಕೆ ಕತ್ತರಿ ತೆಗೆದು, ಡಾಕ್ಟರರ ಮೇಜಿನ ಮೇಲೇ ಕಟ್ಟೆಂದು ಕತ್ತರಿಸಿದಳು. ಒಂದು ಚೂರು ಮಗಳಿಗೆ, ಒಂದು ಗುಲ್ನಾಜಳಿಗೆ. ಹಿಂದಿದ್ದ ತಾಯಂದಿರೂ ತಮ್ಮ ತಮ್ಮ ಕತ್ತರಿ ತೆಗೆದು ಸಾಲಿಗೆ ಬಂದರು.